ಬಿದ್ರಿ ಹುಕ್ಕಾಗೆ ಹುಣಸೆಹಣ್ಣು ಹಚ್ಚಬೇಡಿ

ಬೀದರಿನ ಹಳೇ ಮನೆಯ ಅಟ್ಟದಲ್ಲಿ ಮುತ್ತ್ಯಾನ ಹುಕ್ಕಾ ಸಿಕ್ಕಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಹಿತ್ತಾಳೆ ತಂಬಿಗೆ ತಿಕ್ಕುವ ಹಾಗೆ ಬುರುಡೆಗೆ, ಅಂದರೆ ನೀರು ತುಂಬುವ ತಳಭಾಗಕ್ಕೆ, ಹುಣಸೆಹಣ್ಣು ಉಜ್ಜಿದೆ. ಎಂಟಾಣೆಯಷ್ಟು ಜಾಗದಲ್ಲಿ ಕಪ್ಪು ಹೋಗಿ ಬೂದು ಕಲೆ ಎದ್ದಿತು.

ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ಹೂಬಳ್ಳಿ ಕೂರಿಸಿದ ಕೆಲಸ. ಆ ಲೋಹ ಬಹುಪಾಲು ಸತು. ತಾಮ್ರ ಹೆಚ್ಚುಕಡಿಮೆ 16ಕ್ಕೆ 1 ಪಾಲು. ಸತುವಿಗೆ ಹುಳಿ ಆಗುವುದಿಲ್ಲ. ಮೇಲಿನ ಕಪ್ಪು ಬಳಿದ ಬಣ್ಣವೂ ಅಲ್ಲ. ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಬರಿಸಿದ ಕಪ್ಪು ಅದು. ಆ ಮಣ್ಣು ಸತುವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಹಾಗೇ ಬಿಡುತ್ತದೆ. ಅದಕ್ಕೇ ಹೂಬಳ್ಳಿ ಅಷ್ಟು ಎದ್ದು ಕಾಣುವುದು. ಆ ಕಪ್ಪು ಒಮ್ಮೆ ಹೋದರೆ ಕುಶಲಕರ್ಮಿಯ ಹತ್ತಿರವೇ ಒಯ್ಯಬೇಕು. ಬೂಟ್ ಪಾಲಿಶ್ ಬಳಿಯುವ ಯೋಚನೆ ನನಗೂ ಬಂದಿತ್ತು, ಬೇಡ.

ಮೊದಲು ಕೊಳವೆ ಬಿಚ್ಚಿ. ನನ್ನದು ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ತಟ್ಟಬೇಡಿ, ಈ ಲೋಹ ಬಗ್ಗುವುದಕ್ಕಿಂತ ಸೀಳುವುದೇ ಜಾಸ್ತಿ. ಸಂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕೈಯಲ್ಲೇ ತಿರುಗಿತು.

ಕೊಳವೆಯೊಳಗಿನ ಜಿಗುಟು ನೀರಿಗೆ ಬಿಡುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆಯಿರಿ, ಒಲೆ ಆರಿಸಿ. ಹಳೇ ಬನಿಯನ್ನಿನ ಪಟ್ಟಿಯನ್ನು ದಾರಕ್ಕೆ ಕಟ್ಟಿ, ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಅದ್ದಿ, ಈ ಕಡೆಯಿಂದ ಆ ಕಡೆಗೆ ಎಳೆಯಿರಿ. ಮೊದಲ ಪಟ್ಟಿ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ವಾಸನೆಯಂತೂ ಮುತ್ತ್ಯಾನ ಕೋಟಿನದ್ದೇ! ಹನ್ನೊಂದನೆಯದು ಬೆಳ್ಳಗೆ ಬಂತು. ಕೊಳವೆಯ ಹೊರಮೈ ಹಿತ್ತಾಳೆಯಾದ್ದರಿಂದ ಇಲ್ಲಿ ಹುಣಸೆಹಣ್ಣು ನಡೆಯುತ್ತದೆ. ತೊಳೆದು ಬಿಸಿಲಿಗಿಡಿ.

ಬುರುಡೆಯೊಳಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು ಹಾಕಿ ಅಲ್ಲಾಡಿಸಿ ಚೆಲ್ಲಿ. ಕೂಡಲೇ ಬಟ್ಟೆ ತುರುಕಿ ಒರೆಸಿ, ಬೋರಲು ಹಾಕಿ. ನೀರು ನಿಂತರೆ ಒಳಗೆ ಬಿಳಿ ಪುಡಿ ಕಟ್ಟುತ್ತದೆ.

ಹೊರಗೆ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಬೆಳ್ಳಿ ಮಂಕಾಗಿದ್ದರೆ ಇಯರ್‌ಬಡ್ ತುದಿಗೆ ನುಣ್ಣನೆ ಸೀಮೆಸುಣ್ಣದ ಪುಡಿಯನ್ನು ಒದ್ದೆ ಮಾಡಿ ಹಚ್ಚಿ, ಎಸಳಿನ ಮೇಲೆ ಮಾತ್ರ ಮೆಲ್ಲಗೆ ಉಜ್ಜಿ. ಒಂದೊಂದು ಹೂವಿಗೆ ನನಗೆ ಹತ್ತು ನಿಮಿಷ ಹಿಡಿಯಿತು. ಪಾಲಿಶ್ ಡಬ್ಬಿ ಮುಟ್ಟಬೇಡಿ, ಕಪ್ಪು ಅದರ ಜೊತೆಗೇ ಹೋಗುತ್ತದೆ. ಕೊನೆಗೆ ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಇಡೀ ಬುರುಡೆಗೆ ಸವರಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ. ಕಪ್ಪು ಮತ್ತೆ ಕಡುಗಪ್ಪಾಗುತ್ತದೆ.

ಸೇದಲು ಮಾತ್ರ ಹೋಗಬೇಡಿ, ಹಳೇ ಬೆಸುಗೆಯಲ್ಲಿ ಸೀಸ ಇರಬಹುದು. ನನ್ನದು ಈಗ ಟೀವಿ ಪಕ್ಕದಲ್ಲಿದೆ, ಬೂದು ಕಲೆ ಗೋಡೆಯ ಕಡೆಗೆ ತಿರುಗಿಸಿ.