ಶಿಡ್ಲಘಟ್ಟದ ರೇಷ್ಮೆ ಪ್ಯೂಪಾ ಹಾಕಿ ಬ್ರಾಯ್ಲರ್ ಹೊಟ್ಟೆ ಕೊಬ್ಬು ಇಳಿಸಿದ್ದು: ನನ್ನ ಅನುಭವ

ಫೀಡ್ ಬದಲಾಯಿಸಿ ಬ್ರಾಯ್ಲರ್ ಕೊಬ್ಬು ಇಳಿಸ್ತೀನಿ ಅಂದಾಗ ಚಿಂತಾಮಣಿ ಕಡೆಯ ಫೀಡ್ ಅಂಗಡಿಯವರಿಂದ ಹಿಡಿದು ನನ್ನ ಭಾವಮೈದನವರೆಗೆ ಎಲ್ಲರೂ ನಕ್ಕರು. "ತಳಿನೇ ಹಂಗೆ, ನೀನೇನ್ ಮಾಡ್ತೀಯ" ಅಂದರು. ಈಗ ಅದೇ ಭಾವಮೈದ ಫಾರ್ಮುಲಾ ಕೇಳುತ್ತಿದ್ದಾನೆ. ಪೂರ್ತಿ ಕೊಟ್ಟಿಲ್ಲ.

ನಾನು ಕಂಪನಿ ಮರಿ ಸಾಕೋದು ಬಿಟ್ಟು ಸ್ವಂತ ಫೀಡ್ ಮಿಕ್ಸ್ ಮಾಡುವವನು. 2 ಕೆಜಿ ಕೋಳಿ ಕೊಯ್ದರೆ ಗಿಜಾರ್ಡ್ (ಕಲ್ಲುಹೊಟ್ಟೆ) ಸುತ್ತ 50-60 ಗ್ರಾಂ ಹಳದಿ ಕೊಬ್ಬು ಬರುತ್ತಿತ್ತು. ಅದನ್ನು ತೋರಿಸಿಯೇ ಚಿಕನ್ ಅಂಗಡಿಯವರು ರೇಟು ಮುರಿಯುತ್ತಿದ್ದರು.

ಮೊದಲು ಬರೀ ಪ್ರೋಟೀನ್ ಏರಿಸಿ ನೋಡಿದೆ. ಫಿನಿಶರ್‌ನಲ್ಲಿ (ಮಾರೋ ಮುಂಚೆ ಹಾಕೋ ಕೊನೆ ಹಂತದ ಫೀಡ್) ನೂರಕ್ಕೆ 18 ಇದ್ದದ್ದು 22 ಆಯಿತು. ಮುಸುಕಿನ ಜೋಳ ಇಳಿಸಿ ಸೋಯಾ ಹಿಂಡಿ ಸುರಿದೆ. ಕೊಬ್ಬು ಇಳಿಯಿತು, ಸುಳ್ಳು ಹೇಳಲ್ಲ. ಆದರೆ ಕೋಳಿ ನೀರು ಜಾಸ್ತಿ ಕುಡಿದು ಲಿಟರ್ (ಶೆಡ್ ನೆಲದ ಹಾಸು) ಒದ್ದೆ, ಬೆಳಿಗ್ಗೆ ಪರದೆ ಎತ್ತಿದರೆ ಅಮೋನಿಯ ಕಣ್ಣಿಗೆ ಹೊಡೆಯುತ್ತಿತ್ತು. ಮೈಗೆ ಹತ್ತದ ಪ್ರೋಟೀನ್ ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೋಗುತ್ತೆ, ಸೋಯಾ ರೇಟಿಗೆ ಗೊಬ್ಬರ ಕೊಂಡ ಹಾಗಾಯಿತು. ಕೆಜಿ ಫೀಡ್‌ಗೆ 4 ರೂಪಾಯಿ ಮೇಲೆ ಬಿತ್ತು.

ಆಮೇಲೆ ಪ್ರೋಟೀನ್ 18ಕ್ಕೇ ಬಿಟ್ಟು, ತಾಳೆ ಎಣ್ಣೆ ತೆಗೆದು ಸೋಯಾ ಎಣ್ಣೆ ಹಾಕಿದೆ. ಕೊಬ್ಬು ಇಳಿದದ್ದು ಅಷ್ಟಕ್ಕಷ್ಟೆ. ಉಳಿದದ್ದೂ ಮೆತ್ತಗಾಗಿ, ಫ್ರಿಜ್‌ನಲ್ಲಿಟ್ಟರೂ ಕೈಗೆ ಜಿಡ್ಡು ಜಿಡ್ಡು. ಅಂಗಡಿಯವನು ಇನ್ನೂ ರೇಗಿದ.

ಪ್ರೋಟೀನ್, ಎಣ್ಣೆ ಎರಡನ್ನೂ ಜೊತೆಗೇ ಹಿಡಿಯಬೇಕು. ಕೋಳಿಯಲ್ಲಿ ಕೊಬ್ಬು ತಯಾರಾಗೋದು ಹೆಚ್ಚಾಗಿ ಲಿವರ್‌ನಲ್ಲಿ. ಮಿಕ್ಕ ಜೋಳದ ಪಿಷ್ಟವೇ ಅಲ್ಲಿ ಕೊಬ್ಬಾಗುತ್ತೆ. ಪ್ರೋಟೀನ್ ಏರಿದರೆ ಮಿಕ್ಕೋದು ಕಮ್ಮಿ, ಒಮೆಗಾ-3 ತರದ ಎಣ್ಣೆ ಆ ತಯಾರಿಯನ್ನೇ ನಿಧಾನ ಮಾಡುತ್ತೆ. ಅಗಸೆ ಎಣ್ಣೆ ರೇಟು ನಮ್ಮ ಕೈಗೆ ಎಟುಕಲ್ಲ. ಆದರೆ ಶಿಡ್ಲಘಟ್ಟದ ರೀಲರ್‌ಗಳು (ರೇಷ್ಮೆ ನೂಲು ತೆಗೆಯೋರು) ಗೂಡು ಬಿಚ್ಚಿ ಉಳಿಸೋ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳ, ಇದೆಯಲ್ಲ, ಒಣಗಿದ ಮೇಲೆ ಅದರಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗ ಎಣ್ಣೆ. ಆ ಎಣ್ಣೆಯಲ್ಲಿ ಅಗಸೆಯಲ್ಲಿರೋ ಒಮೆಗಾ-3, ಅಂದರೆ ಲಿನೋಲೆನಿಕ್ ಆಮ್ಲವೇ ದಂಡಿಯಾಗಿದೆ.

ವಾಸನೆ ಮಾತ್ರ ಕೇಳಬೇಡಿ. ಮೊದಲ ಲೋಡ್ ಟಾರ್ಪಾಲ್ ಮೇಲೆ ಹರಡಿದ ದಿನವೇ ಮೋಡ ಕವಿಯಿತು. ಸಂಜೆಗೆ ಅಂಟಂಟು, ಮಾರನೇ ದಿನ ಕಪ್ಪಾಗಿ ಹುಳದೊಳಗೇ ಹುಳ. ಎಂಟೊಂಬತ್ತು ಸಾವಿರ ಗುಂಡಿಗೆ ಹೋಯಿತು, ಪಕ್ಕದ ತೋಟದವರ ಬೈಗುಳ ಬೇರೆ. ಇನ್ನೊಂದು ಬ್ಯಾಚ್‌ಗೆ ನೂರಕ್ಕೆ 10 ಹಾಕಿದೆ, ಸಾರಿಗೂ ಆ ವಾಸನೆ ಬಂತು. ಎಣ್ಣೆ ತೆಗೆದ ಪುಡಿಯಲ್ಲಿ ವಾಸನೆ ಕಮ್ಮಿ, ಆದರೆ ನಮಗೆ ಬೇಕಾದ ಎಣ್ಣೆಯೂ ಹೋಗಿರುತ್ತೆ, ಏನು ಬಂತು?

ಈಗ ನೂರಕ್ಕೆ ಪ್ರೋಟೀನ್ 20, ಲೈಸಿನ್ ಮೆಥಿಯೊನಿನ್ (ಅಮೈನೋ ಆಮ್ಲಗಳು) ಸರಿಯಾಗಿ, ಪ್ಯೂಪಾ 5-6, ವಿಟಮಿನ್ ಇ ಸ್ವಲ್ಪ ಜಾಸ್ತಿ. ವಾರಕ್ಕೆ ಬೇಕಾದಷ್ಟೇ ಅರೆಸುತ್ತೇನೆ, ಪುಡಿ ಬೇಗ ಕಮಟು ಹಿಡಿಯುತ್ತೆ. ಮಾಂಸಕ್ಕೆ ವಾಸನೆ ಬರದಿರಲಿ ಅಂತ ಕೊನೆಯ 8-10 ದಿನ ಪ್ಯೂಪಾ ಬಂದ್, ಸೋಯಾ ಎಣ್ಣೆ ಶುರು. ಒಣಗಿಸುವಾಗ ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಜೋಳದ ಬದಲು ಅರ್ಧ ರಾಗಿ ಹಾಕಿದೆ, ತೂಕವೇ ಬರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಪುಡಿ ಹಾಕಿದ್ದಕ್ಕೆ ಕೊಬ್ಬು ಇಳಿಯಲಿಲ್ಲ, ಚರ್ಮಕ್ಕೆ ಚೆನ್ನಾಗಿ ಹಳದಿ ಬಣ್ಣ ಬಂತು. ನಾಟಿ ಅಂತ ಮಾರೋರಿಗೆ ಉಪಯೋಗ ಆಗಬಹುದು, ಅಲ್ವಾ?

ಈಗ ಹೊಟ್ಟೆ ಕೊಬ್ಬು 30 ಗ್ರಾಂ ಆಸುಪಾಸು. ಕೋಳಿಗೆ 4 ರೂಪಾಯಿ ಖರ್ಚು ಏರಿದೆ, ಲೈವ್ ರೇಟಲ್ಲಿ ಕೆಜಿಗೆ 5 ಜಾಸ್ತಿ ಸಿಗುತ್ತಿದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಪ್ಯೂಪಾಗೆ ಮೀನು ಸಾಕೋರೂ ಬರುತ್ತಾರೆ, ನೀವೂ ಎಲ್ಲ ಒಟ್ಟಿಗೆ ಶಿಡ್ಲಘಟ್ಟಕ್ಕೆ ನುಗ್ಗಬೇಡಿ ಮಾರಾಯ್ರೇ, ನಮ್ಮ ರೀಲರ್ ಈಗಾಗಲೇ ರೇಟು ಏರಿಸುತ್ತಿದ್ದಾನೆ.