ಹಳೇ ರೇಡಿಯೇಟರ್ ಬಿಚ್ಚುವ ಮುಂಚೆ ಗೋಡೆ ಅಳೆಯಿರಿ

ಬಾಸ್ಟನ್ ಸುತ್ತಮುತ್ತ ಹಳೇ ಮನೆ ಕೊಂಡ ಕನ್ನಡದವರಿಗೆಲ್ಲ ಕಿಟಕಿ ಕೆಳಗೆ ಕೂತು ಕೋಣೆ ಬೆಚ್ಚಗಿಡುವ ಬೀಡಿನ (ಎರಕದ ಕಬ್ಬಿಣದ) ರೇಡಿಯೇಟರ್ ಗೊತ್ತೇ ಇರುತ್ತದೆ. ನಮ್ಮ ಮನೆಯಲ್ಲಿ ಆರು ಇದ್ದವು. ಎರಡು ಸೋರಲು ಶುರುವಾದಾಗ ಐದನ್ನು ತೆಗೆದು ಬೇಸ್‌ಬೋರ್ಡ್, ಅಂದರೆ ಗೋಡೆಯ ಬುಡದುದ್ದಕ್ಕೂ ಕೂರುವ ರೆಕ್ಕೆ ಪೈಪಿನ ಹೀಟರ್, ಹಾಕಿದೆವು.

ಮೊದಲು ನಿಮ್ಮದು ಬಿಸಿನೀರಿನದೋ ಹಬೆಯದೋ ನೋಡಿ. ನೀರು ಕಾಯಿಸುವ ಬಾಯ್ಲರ್ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇದ್ದರೆ ಹಬೆಯದು, ಅದರ ದಾರಿಯೇ ಬೇರೆ. ಇಲ್ಲಿ ಹೇಳುವುದು ಬಿಸಿನೀರಿನದಕ್ಕೆ ಮಾತ್ರ.

ಹಳೇ ರೇಡಿಯೇಟರ್ ಗಾತ್ರ ನೋಡಿ ಬೇಸ್‌ಬೋರ್ಡ್ ತರಬೇಡಿ. ಹಳೇ ಕಿಟಕಿ ಹೋಗಿ ಹೊಸದು ಬಂದು, ಗೋಡೆಗೂ ಇನ್ಸುಲೇಷನ್ ತುಂಬಿದ್ದರೆ ಕೋಣೆಗೆ ಈಗ ಅಷ್ಟು ಶಾಖ ಬೇಡ. ಒಂದೊಂದು ಕೋಣೆಗೂ ಬೇರೆ ಬೇರೆ ಲೆಕ್ಕ ಹಾಕಿಸಿ. ಬೇಸ್‌ಬೋರ್ಡ್ ಒಳಗಿನ, ಅಲ್ಯೂಮಿನಿಯಂ ರೆಕ್ಕೆ ಇರುವ ಮುಕ್ಕಾಲು ಇಂಚಿನ ತಾಮ್ರದ ಪೈಪು, ನೀರು 180 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ, ಗಂಟೆಗೆ ಅಡಿಯೊಂದಕ್ಕೆ ಸುಮಾರು 550ರಿಂದ 600 ಬಿಟಿಯು (ಶಾಖ ಅಳೆಯುವ ಮಾನ) ಕೊಡುತ್ತದೆ. ಅಂದರೆ ಗಂಟೆಗೆ 6,000 ಬಿಟಿಯು ಬೇಕಾದ ಕೋಣೆಗೆ 10-11 ಅಡಿ ಹೊರಗೋಡೆ ಬೇಕು. ಬಾಗಿಲು, ಮಂಚ, ಸೋಫಾ ಕಳೆದು ಅಷ್ಟು ಜಾಗ ಸಿಗುತ್ತಾ? ಕಡಿಮೆ ಬಿಸಿಯ ನೀರಿನಲ್ಲಿ ಇಂಧನ ಉಳಿಸುವ ಕಂಡೆನ್ಸಿಂಗ್ ಬಾಯ್ಲರ್ ಹಾಕಿ 140 ಡಿಗ್ರಿಯಲ್ಲಿ ಓಡಿಸಿದರೆ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗೋಡೆ ಸಾಲದಿದ್ದರೆ ರೇಡಿಯೇಟರ್ ರಿಪೇರಿ ಮಾಡಿಸಿ ಉಳಿಸಿಕೊಳ್ಳುವುದೇ ವಾಸಿ.

ಒಂದೇ ಜೋನ್‌ನಲ್ಲಿ (ಒಂದೇ ಥರ್ಮೋಸ್ಟಾಟ್ ಮಾತು ಕೇಳುವ ಕೋಣೆಗಳಲ್ಲಿ) ರೇಡಿಯೇಟರ್, ಬೇಸ್‌ಬೋರ್ಡ್ ಎರಡನ್ನೂ ಬೆರೆಸಬೇಡಿ. ನಾವು ಮಾಡಿದ ತಪ್ಪು ಅದೇ. ಬೀಡಿನ ರೇಡಿಯೇಟರ್ ಬಚ್ಚಲ ಹಂಡೆ ಇದ್ದ ಹಾಗೆ, ಒಲೆ ಆರಿದ ಮೇಲೂ ಬೆಚ್ಚಗಿರುತ್ತದೆ. ಬೇಸ್‌ಬೋರ್ಡ್ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಆಸೆಪಟ್ಟು ಉಳಿಸಿಕೊಂಡ ಆರನೆಯ ರೇಡಿಯೇಟರ್ ಹಾಲ್‌ನಲ್ಲಿತ್ತು, ಕೋಣೆಯ ಬಿಸಿ ನೋಡಿ ಬಾಯ್ಲರ್ ಹಚ್ಚಿ ಆರಿಸುವ ಥರ್ಮೋಸ್ಟಾಟ್ ಕೂಡ ಅಲ್ಲೇ. ಹಾಲ್ ಬೆಚ್ಚಗಿದ್ದಷ್ಟು ಹೊತ್ತು ಬಾಯ್ಲರ್ ಉರಿಯುತ್ತಲೇ ಇರಲಿಲ್ಲ, ಮೇಲೆ ಮಗಳು ಎರಡು ರಗ್ಗು ಹೊದ್ದು ಮಲಗುತ್ತಿದ್ದಳು. ಕೊನೆಗೆ ಹಾಲ್‌ಗೆ ಬೇರೆ ಜೋನ್ ಮಾಡಿಸಿದೆವು.

ಬಿಚ್ಚುವಾಗ ಬಾಯ್ಲರ್ ಆರಿಸಿ, ತಣ್ಣಗಾಗಲು ಬಿಡಿ. ನೀರು ತುಂಬುವ ವಾಲ್ವ್ ಮುಚ್ಚಿ, ಕೆಳಗೆ ಡ್ರೈನ್‌ಗೆ ಹೋಸ್ ಹಾಕಿ, ಮೇಲ್ಮಹಡಿ ರೇಡಿಯೇಟರ್‌ನ ಗಾಳಿ ತಿರುಪು ಸಡಿಲಿಸಿ, ಗಾಳಿ ಒಳಗೆ ಹೋಗದೆ ನೀರು ಪೂರ್ತಿ ಇಳಿಯಲ್ಲ. ಆದರೂ ತಳದಲ್ಲಿ ಶಾಯಿಯಂಥ ಕಪ್ಪು ನೀರು ಉಳಿದಿರುತ್ತದೆ. ಸ್ವಲ್ಪ ವಾಲಿಸಿದರೂ ಮರದ ನೆಲದ ಮೇಲೆ ಚೆಲ್ಲಿ ಕಲೆ ಕೂರುತ್ತದೆ, ಎರಡೂ ತೂತಿಗೆ ಬಟ್ಟೆ ತುರುಕಿ. ದೊಡ್ಡವು 100 ಕೆಜಿ ದಾಟುತ್ತವೆ, ಒಬ್ಬರೇ ಎತ್ತಲು ಹೋಗಬೇಡಿ. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜಬೇಡಿ. ಪೈಪಿಗೆ ಸುತ್ತಿದ ಹಳೇ ಬಿಳಿ ಹೊದಿಕೆ ಆಸ್ಬೆಸ್ಟಾಸ್ ಆಗಿರಬಹುದು, ಪರೀಕ್ಷೆ ಮಾಡಿಸದೆ ಮುಟ್ಟಲೇಬೇಡಿ.

ಹೊಸ ಪೈಪನ್ನು ಮನೆಯಿಡೀ ಒಂದೇ ಸುತ್ತಿನಲ್ಲಿ ಎಳೆಯಬೇಡಿ. ರೆಕ್ಕೆ ಇರುವ ಭಾಗ ಸುಮಾರು 65 ಅಡಿ ದಾಟಿದರೆ ಕೊನೆಯ ಕೋಣೆಗೆ ಆರಿದ ನೀರೇ ಗತಿ. ಬಿಸಿಗೆ ತಾಮ್ರ ಹಿಗ್ಗುತ್ತದೆ, ನೆಲದ ತೂತು ಪೈಪಿಗಿಂತ ದೊಡ್ಡದಿರಲಿ, ಇಲ್ಲದಿದ್ದರೆ ರಾತ್ರಿಯೆಲ್ಲ ಟಕ್ ಟಕ್. ಪರ್ಮಿಟ್ ಬೇಕಾ ಅಂತ ಊರಿನ ಬಿಲ್ಡಿಂಗ್ ಆಫೀಸಿನಲ್ಲಿ ಮೊದಲೇ ಕೇಳಿ.

ಕೆಲಸ ಮುಗಿದು ಮತ್ತೆ ನೀರು ತುಂಬುವಾಗ, ಎರಡು ಮಹಡಿ ಮನೆಗೆ ನೀರು ತಣ್ಣಗಿರುವಾಗ 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಸಾಮಾನ್ಯವಾಗಿ ಸಾಕು. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಿರಿ, ಬಾಯ್ಲರ್ ಹಚ್ಚಿ, ಬಿಸಿಯಾದ ಮೇಲೆ ಒಂದೊಂದು ಬೆಸುಗೆ ಕೆಳಗೂ ಒಣ ಟಿಶ್ಯೂ ಹಿಡಿದು ನೋಡಿ. ಮಾರನೇ ದಿನ ಬೆಳಿಗ್ಗೆ ಇನ್ನೊಂದು ಸಲ ನೋಡಿ.