ವರ್ಜೀನಿಯಾ ಮತಗಟ್ಟೆಯಲ್ಲಿ ಲೆಫ್ಟಿನೆಂಟ್ ಗವರ್ನರ್ ಸಾಲು

ಅಮೆರಿಕದ ವರ್ಜೀನಿಯಾದಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೂತವರಿಗೆ ಪದೇ ಪದೇ ಎದುರಾಗುವ ಗೊಂದಲ ಇದು: ಗವರ್ನರ್‌ಗೆ ಮತ ಹಾಕಿದರೆ ಲೆಫ್ಟಿನೆಂಟ್ ಗವರ್ನರ್‌ಗೂ ಹಾಕಿದಂತೆಯೇ ಎಂಬ ಭಾವನೆ. ಪಕ್ಕದ ಮೇರಿಲ್ಯಾಂಡಿನಲ್ಲಿ ಅದು ನಿಜ. 2022ರಲ್ಲಿ ಅಲ್ಲಿ ವೆಸ್ ಮೂರ್ ಮತ್ತು ಹೈದರಾಬಾದಿನಲ್ಲಿ ಹುಟ್ಟಿದ ಅರುಣಾ ಮಿಲ್ಲರ್ ಜೋಡಿಯಾಗಿಯೇ ಗೆದ್ದರು. ನಮ್ಮಲ್ಲಿ ಎರಡೂ ಬೇರೆ ಬೇರೆ ಸ್ಪರ್ಧೆ. 2005ರಲ್ಲಿ ಡೆಮಾಕ್ರಟ್ ಟಿಮ್ ಕೇನ್ ಗವರ್ನರ್ ಆದರು, ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದದ್ದು ರಿಪಬ್ಲಿಕನ್ ಬಿಲ್ ಬೋಲಿಂಗ್. ಭಾರತದಲ್ಲಿ ದೆಹಲಿ, ಪುದುಚೇರಿಗಳಿಗೆ ಕೇಂದ್ರ ಕಳಿಸುವ ಲೆಫ್ಟಿನೆಂಟ್ ಗವರ್ನರ್‌ಗಳನ್ನು ಕಂಡವರಿಗಂತೂ ಈ ಹುದ್ದೆಗೆ ಚುನಾವಣೆ ಎಂಬುದೇ ಹೊಸತು.

ಹಾಗಾಗಿ ಬ್ಯಾಲೆಟ್ ಕೊಡುವಾಗ ಎಲ್ಲರಿಗೂ ನನ್ನದು ಒಂದೇ ಮಾತು: "ಒಂದೊಂದು ಹುದ್ದೆಗೂ ಬೇರೆ ಗುರುತು ಹಾಕಿ, ಅಂಡಾಕಾರವನ್ನು ಪೂರ್ತಿ ತುಂಬಿ." ಅದಕ್ಕಿಂತ ಮುಂದೆ ಹೋಗಬಾರದು. ತುಂಬಿದ ಬ್ಯಾಲೆಟ್ ಇಣುಕಿ "ಇದು ಖಾಲಿ ಬಿಟ್ಟಿದ್ದೀರಿ" ಎಂದರೆ ಮತದ ಗುಟ್ಟೇ ಒಡೆಯಿತು. ಖಾಲಿ ಬಿಡುವುದೂ ಮತದಾರರ ಹಕ್ಕು.

ಒಂದೇ ಹುದ್ದೆಗೆ ಇಬ್ಬರನ್ನು ಗುರುತಿಸಿದರೆ ಬ್ಯಾಲೆಟ್ ಓದಿ ಎಣಿಸುವ ಸ್ಕ್ಯಾನರ್ ಎಚ್ಚರಿಸುತ್ತದೆ. ಆಗ ಆ ಹಾಳೆಯನ್ನು ಕೆಟ್ಟ ಬ್ಯಾಲೆಟ್‌ಗಳ ಲಕೋಟೆಗೆ ಹಾಕಿ ಹೊಸದು ಕೊಡಬಹುದು. ಹಾಗೆಯೇ ತೂರಿಸಿದರೆ ಆ ಒಂದು ಹುದ್ದೆಯ ಮತ ಮಾತ್ರ ಎಣಿಕೆಗೆ ಬರುವುದಿಲ್ಲ. ಒಂದು ಸಾಲು ಬರೀ ಖಾಲಿಯಿದ್ದರೆ ಯಂತ್ರ ತುಟಿ ಬಿಚ್ಚುವುದಿಲ್ಲ, ಅದಕ್ಕೇ ಮೊದಲೇ ಹೇಳಬೇಕು.

ಅಪ್ಪ ಅಮ್ಮನನ್ನು ಕರೆತರುವ ಕನ್ನಡದ ಮನೆಯವರು ಗಮನಿಸಿ: ಮಗ ಸುಮ್ಮನೆ ಅಮ್ಮನ ಹಿಂದೆ ನಿಂತು ಗುರುತು ಹಾಕಿಸುವಂತಿಲ್ಲ. ಇಂಗ್ಲಿಷ್ ಓದಲು ಬಾರದವರು ಸಹಾಯಕ್ಕೆ ಒಬ್ಬರನ್ನು ಆರಿಸಿಕೊಳ್ಳಬಹುದು, ಆದರೆ ಸಹಾಯದ ಅರ್ಜಿಗೆ ಇಬ್ಬರೂ ಸಹಿ ಹಾಕಬೇಕು. ಕೆಲಸ ಕೊಟ್ಟ ಯಜಮಾನ, ಕಾರ್ಮಿಕ ಸಂಘದ ಪ್ರತಿನಿಧಿ ಸಹಾಯಕರಾಗುವಂತಿಲ್ಲ. ದೈಹಿಕ ಅಂಗವೈಕಲ್ಯ ಇರುವವರು ಕಾರಿನಲ್ಲೇ ಕೂತು ಮತ ಹಾಕಬಹುದು. ಗ್ರೀನ್ ಕಾರ್ಡ್ ಮಾತ್ರ ಇದ್ದವರಿಗೆ ಮತವಿಲ್ಲ, ಪೌರತ್ವ ಬೇಕು.

ಬ್ಯಾಲೆಟ್ಟಿನ ಈ ಸಾಲು ಚಿಕ್ಕ ವಿಷಯವಲ್ಲ. ಲೆಫ್ಟಿನೆಂಟ್ ಗವರ್ನರ್ ರಾಜ್ಯದ ಮೇಲ್ಮನೆಯಾದ 40 ಸದಸ್ಯರ ಸೆನೆಟ್‌ನ ಅಧ್ಯಕ್ಷತೆ ವಹಿಸುತ್ತಾರೆ, ಸಮಬಲವಾದರೆ ನಿರ್ಣಾಯಕ ಮತ ಅವರದೇ. 2011ರ ಚುನಾವಣೆ ಸೆನೆಟನ್ನು 20-20 ಮಾಡಿಟ್ಟಾಗ ಬೋಲಿಂಗ್ ಮತಕ್ಕೆ ಎಷ್ಟು ಬೆಲೆ ಬಂತೆಂದು ರಾಜಧಾನಿ ರಿಚ್ಮಂಡ್ ಕಂಡಿದೆ. 2025ರಲ್ಲಿ ಆ ಕುರ್ಚಿ ಗೆದ್ದವರು ಹೈದರಾಬಾದಿನಲ್ಲೇ ಹುಟ್ಟಿದ ಗಜಾಲಾ ಹಶ್ಮಿ.

ಸಂಜೆ 7ಕ್ಕೆ ಬಾಗಿಲು ಮುಚ್ಚುತ್ತದೆ, ಆಗಲೇ ಸಾಲಿನಲ್ಲಿ ನಿಂತವರಿಗೆಲ್ಲ ಮತವುಂಟು. ಆಮೇಲೆ ಮತದಾರರ ಪಟ್ಟಿಯ ಲೆಕ್ಕ, ಸ್ಕ್ಯಾನರ್ ಲೆಕ್ಕ ತಾಳೆ ನೋಡಿ ಫಲಿತಾಂಶದ ಪಟ್ಟಿ ಮುದ್ರಿಸುತ್ತೇವೆ. ಬಿದ್ದ ಒಟ್ಟು ಬ್ಯಾಲೆಟ್‌ಗಳಿಂದ ಲೆಫ್ಟಿನೆಂಟ್ ಗವರ್ನರ್ ಅಭ್ಯರ್ಥಿಗಳ ಒಟ್ಟು ಮತವನ್ನು ಕಳೆಯಿರಿ, ಮತದಾರರೇ ಕೈಯಿಂದ ಬರೆದ ಬೇರೆ ಹೆಸರುಗಳ ಮತವನ್ನೂ ಸೇರಿಸಿಕೊಂಡು. ಉಳಿದದ್ದೇ ಖಾಲಿ ಬಿಟ್ಟವರ ಮತ್ತು ಎರಡೆರಡು ಗುರುತು ಹಾಕಿದವರ ಲೆಕ್ಕ.